ಹನ್ನೆರಡು ರೀಫಿಲ್, ಪೆನ್ ಒಂದೂ ಇಲ್ಲ

ಕಳೆದ ಜುಲೈನಲ್ಲಿ ನನ್ನ ಹತ್ತಿರ ಹನ್ನೆರಡು ರೀಫಿಲ್‌ಗಳಿದ್ದವು, ಪೆನ್ ಒಂದೂ ಇರಲಿಲ್ಲ. ಎಲ್ಲರಿಗೂ ಪೆನ್ ಇದ್ದು ರೀಫಿಲ್ ಮುಗಿದು ತೊಂದರೆಯಾಗುತ್ತದೆ. ನನಗೆ ಉಲ್ಟಾ ಆಗಿತ್ತು.

ದಮ್ಮಾಮ್‌ನಲ್ಲಿ ಕೆಲಸ ಮಾಡುವ ನನ್ನ ಮಾಮು ಊರಿಗೆ ಬಂದಾಗ ಪೆಂಟೆಲ್ ಕಂಪನಿಯ ಎನರ್‌ಜೆಲ್ ಪೆನ್ ಎರಡು, ಅದಕ್ಕೆ ಹಾಕುವ ನೀಲಿ ರೀಫಿಲ್‌ಗಳ ಒಂದು ಡಬ್ಬಿ ತಂದುಕೊಟ್ಟಿದ್ದರು. ಎಲ್ಲರಿಗೂ ಸೆಂಟು, ಚಾಕೊಲೇಟು. ನಾನು ಮಾತ್ರ ಫೋನಿನಲ್ಲಿ ಪೆನ್ ಕೇಳಿದ್ದೆ. ಒಂದು ಪೆನ್ ಮೊದಲ ವಾರದಲ್ಲೇ ನಮ್ಮ ತರಗತಿಯಲ್ಲಿ ಮಾಯವಾಯಿತು. (ತೆಗೆದುಕೊಂಡವರು ಇದನ್ನು ಓದುತ್ತಿದ್ದರೆ, ರೀಫಿಲ್ ಬೇಕಾದರೆ ಕೇಳಿ, ಕೊಡುತ್ತೇನೆ. ಪೆನ್ ವಾಪಸ್ ಕೊಡಿ.) ಎರಡನೆಯದು ಮೆಟ್ಟಿಲ ಮೇಲಿಂದ ಬಿದ್ದು, ತಿರುಗಿಸಿ ಕೂಡಿಸುವ ಮರೆಯ ಹತ್ತಿರವೇ ಸೀಳಿತು. ಸೆಲ್ಲೋಟೇಪು ಸುತ್ತಿ ಒಂದು ವಾರ ಬರೆದೆ. ಕೈ ಬೆವರಿಗೆ ಟೇಪು ಜಾರಿ ಬೆರಳೆಲ್ಲಾ ಅಂಟು. ಹೀಗೆ ಹನ್ನೆರಡು ರೀಫಿಲ್ ಉಳಿದವು, ಹೊಸವು, ಪೂರ್ತಿ ತುಂಬಿದವು.

ಅದೇ ರೀಫಿಲ್ ಯಾಕೆ ಬೇಕು, ಅಂಗಡಿಯಲ್ಲಿ ಹತ್ತು ರೂಪಾಯಿಗೆ ಜೆಲ್ ಪೆನ್ ಸಿಗುವುದಿಲ್ಲವೇ ಎಂದು ಎಲ್ಲರೂ ಕೇಳಿದರು. ಕಾರಣ ಇದೆ. ನಾನು ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವನು. ಈಗಲೂ ಅಮ್ಮಿಯ ಹೊಲಿಗೆ ಲೆಕ್ಕದ ಪುಸ್ತಕವನ್ನು ಉರ್ದುವಿನಲ್ಲಿ ನಾನೇ ಬರೆಯುತ್ತೇನೆ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ. ಬಲಗೈಯವನು ಹಾಗೆ ಬರೆದರೆ, ಈಗಷ್ಟೇ ಬರೆದ ಹಸಿ ಅಕ್ಷರದ ಮೇಲೆಯೇ ಅಂಗೈ ಬರುತ್ತದೆ. ಕನ್ನಡ ಬರೆಯುವ ಎಡಗೈಯವರಿಗೆ ಈ ಕಷ್ಟ ಗೊತ್ತಿರುತ್ತದೆ. ಅಗ್ಗದ ಜೆಲ್ ಪೆನ್ನಿನಲ್ಲಿ ಬರೆದ ದಿನ ನನ್ನ ಅಂಗೈಯ ಅಂಚಿನಲ್ಲಿ ಅಮ್ಮಿಯ ಗಿರಾಕಿಗಳ ಹೆಸರೆಲ್ಲಾ ಓದಬಹುದು. ತಮಾಷೆ ಎಂದರೆ ಉರ್ದುವಿನಲ್ಲೂ ಅಂಕಿಗಳು ಮಾತ್ರ ಎಡದಿಂದ ಬಲಕ್ಕೇ ಹೋಗುತ್ತವೆ. ಹಾಗಾಗಿ ಒಂದೇ ಸಾಲಿನಲ್ಲಿ ಕೈ ಎರಡು ದಿಕ್ಕಿಗೆ ಓಡುತ್ತದೆ. ಕಾಲೇಜಿಗೆ ಬಂದರೆ ಅಕೌಂಟೆನ್ಸಿ. ಪ್ರತಿ ಪುಟದಲ್ಲೂ ಸ್ಕೇಲ್ ಇಟ್ಟು ಗೆರೆ ಎಳೆಯಬೇಕು. ಸ್ಕೇಲ್ ಎತ್ತುವಾಗ ಹಸಿ ಶಾಯಿ ಅದರ ಜೊತೆ ಎದ್ದು ಬರುತ್ತದೆ. ಎನರ್‌ಜೆಲ್ ಶಾಯಿ ಬೇಗ ಒಣಗುತ್ತದೆ. ಎರಡು ಕಡೆಯಿಂದಲೂ ನನ್ನ ಕೈ ಸ್ವಚ್ಛವಾಗಿಟ್ಟ ಮೊದಲ ಶಾಯಿ ಅದು.

ಇನ್ನೊಂದು ಕಾರಣ ಹೇಳಲು ಸ್ವಲ್ಪ ನಾಚಿಕೆ. ನನಗೆ ಚೆಂದದ ಪೆನ್ ಬೇಕಿತ್ತು. ಪ್ಲಾಸ್ಟಿಕ್ ಅಲ್ಲ. ಜೇಬಿನಿಂದ ತೆಗೆದಾಗ ಪಕ್ಕದವನು ಒಮ್ಮೆ ತಿರುಗಿ ನೋಡುವಂಥದ್ದು. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ರೀಫಿಲ್ ಚಾಲ್ತಿ ಆಸ್ತಿ, ಪೆನ್ನಿನ ಒಡಲು ಸ್ಥಿರಾಸ್ತಿ. ನನ್ನ ಹತ್ತಿರ ಹನ್ನೆರಡು ಚಾಲ್ತಿ ಆಸ್ತಿ ಇದ್ದು, ಸ್ಥಿರಾಸ್ತಿ ಪೂರ್ತಿ ಸವಕಳಿಯಾಗಿ ಹೋಗಿತ್ತು. ಪೆಂಟೆಲ್ ಕಂಪನಿ ಲೋಹದ ಒಡಲಿನ ಪೆನ್ನುಗಳನ್ನೂ ಮಾಡುತ್ತದೆ. ಫೋನಿನಲ್ಲಿ ಬೆಲೆ ನೋಡಿ ಸುಮ್ಮನೆ ಮುಚ್ಚಿಟ್ಟೆ.

ಮೊದಲು ಹೊಸಪೇಟೆಯ ಸ್ಟೇಷನರಿ ಅಂಗಡಿಗಳನ್ನೆಲ್ಲಾ ಸುತ್ತಿದೆ. ಜೇಬಿನಲ್ಲಿ ರೀಫಿಲ್ ಇಟ್ಟುಕೊಂಡು ಹೋಗಿ, "ಇದಕ್ಕೆ ಕೂಡುವ ಒಳ್ಳೆ ಪೆನ್ ತೋರಿಸಿ" ಎನ್ನುತ್ತಿದ್ದೆ. ಚಪ್ಪಲಿ ಬಿಟ್ಟು ಕಾಲು ತೋರಿಸಿ ಶೂ ಕೇಳುವ ಹಾಗೆ. ಒಬ್ಬರು ನಕ್ಕರು. ಒಬ್ಬರು ಗಾಜಿನ ಪೆಟ್ಟಿಗೆಯಿಂದ ಗಿಫ್ಟ್ ಪೆನ್ನುಗಳನ್ನೆಲ್ಲಾ ಹೊರಗಿಟ್ಟು ತಾವೇ ಒಂದೊಂದಾಗಿ ಬಿಚ್ಚಿದರು. ಒಂದೂ ಕೂಡಲಿಲ್ಲ. ಕೆಲವಕ್ಕೆ ರೀಫಿಲ್ ದಪ್ಪವಾಯಿತು, ಕೆಲವಕ್ಕೆ ಉದ್ದವಾಯಿತು. "ನಿನ್ನ ರೀಫಿಲ್ಲೇ ಸರಿ ಇಲ್ಲ ಬಿಡಪ್ಪ" ಎಂದರು.

ಆಮೇಲೆ ಆನ್‌ಲೈನ್ ನೋಡಿದೆ. ಪೈಲಟ್ ಕಂಪನಿಯ ಜಿ2 ಎಂಬ ಜೆಲ್ ಪೆನ್ನಿನ ರೀಫಿಲ್ಲೂ ನನ್ನ ರೀಫಿಲ್ಲೂ ಹೆಚ್ಚು ಕಡಿಮೆ ಒಂದೇ ಅಳತೆ ಎಂದು ಓದಿದ್ದೆ. "ಜಿ2 ರೀಫಿಲ್ ಹಿಡಿಯುತ್ತದೆ" ಎಂದು ಬರೆದಿದ್ದ ಒಂದು ಕಪ್ಪು ಲೋಹದ ಪೆನ್ ಕಂಡಿತು. 249 ರೂಪಾಯಿ. ಈದಿಯಲ್ಲಿ ಉಳಿಸಿದ್ದ ಹಣ. ಪೆನ್ ಬಂತು, ತೂಕ ಚೆನ್ನಾಗಿತ್ತು, ಬಿಚ್ಚಿ ರೀಫಿಲ್ ಹಾಕಿದರೆ ಹೆಬ್ಬೆರಳಗಲ ಹೊರಗೆ ನಿಂತಿತು! ಆಮೇಲೆ ಗೊತ್ತಾಯಿತು: ಜಿ2 ಎಂಬ ಹೆಸರಿನಲ್ಲಿ ಎರಡು ವಸ್ತುಗಳಿವೆ. ಒಂದು ಪೈಲಟ್ ಕಂಪನಿಯ ಪೆನ್ನಿನ ಹೆಸರು. ಇನ್ನೊಂದು ಪಾರ್ಕರ್ ಮಾದರಿಯ ರೀಫಿಲ್ ಅಳತೆಗೆ ಇರುವ ಅಂತರರಾಷ್ಟ್ರೀಯ ಗುರುತು. ಎರಡಕ್ಕೂ ಸಂಬಂಧವೇ ಇಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಅರ್ಧ ಓದಿದ್ದೆ. ವಾಪಸ್ ಕಳಿಸುವ ದಿನವೂ ದಾಟಿತ್ತು. ಆ ಪೆನ್ ಈಗ ಅಣ್ಣನ ಹತ್ತಿರ ಇದೆ. ನನಗೆ ಕೊಟ್ಟಿದ್ದು ಐವತ್ತು ರೂಪಾಯಿ, ಅದೂ ಸಾಲ.

ಇನ್ನು ಅಳತೆ ಇಲ್ಲದೆ ಹೆಜ್ಜೆ ಇಡಬಾರದು ಎಂದು ವಿಜ್ಞಾನ ವಿಭಾಗದ ಫಿಸಿಕ್ಸ್ ಸರ್ ಹತ್ತಿರ ಹೋಗಿ ವರ್ನಿಯರ್ ಕ್ಯಾಲಿಪರ್ ಕೇಳಿದೆ. ಕಾಮರ್ಸಿನವನು ವರ್ನಿಯರ್ ಕೇಳಿದ್ದು ಅವರಿಗೆ ಖುಷಿಯಾಗಿ ತಾವೇ ಓದಿ ಹೇಳಿದರು. ನನ್ನ ರೀಫಿಲ್ ಉದ್ದ ಸುಮಾರು 111 ಮಿಲಿಮೀಟರ್, ದಪ್ಪ ಸುಮಾರು 6. ಪಾರ್ಕರ್ ಮಾದರಿಯದ್ದು 98. ವ್ಯತ್ಯಾಸ 13 ಮಿಲಿಮೀಟರ್. ಈ ಹದಿಮೂರನ್ನು ನೆನಪಿಡಿ, ನನ್ನ ಮಾನ ಹೋಗಿದ್ದು ಇದರಿಂದಲೇ.

ಕಮಲಾಪುರದಿಂದ ಬರುವ ನನ್ನ ಗೆಳೆಯನೊಬ್ಬ ಈ ಹುಡುಕಾಟ ಕೇಳಿ, "ನಮ್ಮನಿಗೆ ಬಾ, ಒಂದು ಡಬ್ಬಿ ಐತೆ" ಎಂದ. ಒಂದು ಭಾನುವಾರ ಹೋದೆ. ಹಂಪಿಯ ಸುತ್ತ ಬೆಳೆದ ಮಕ್ಕಳಿಗೆ ಗೊತ್ತಿರುತ್ತದೆ, ಫಾರಿನ್ನಿನವರು ಕಂಡರೆ "ಸ್ಕೂಲ್ ಪೆನ್, ಸ್ಕೂಲ್ ಪೆನ್" ಎಂದು ಹಿಂದೆ ಓಡುವುದು. ಅವನೂ ಅವನ ಅಣ್ಣನೂ ಸಣ್ಣವರಿದ್ದಾಗ ವಿಠ್ಠಲ ದೇವಸ್ಥಾನದ ದಾರಿಯಲ್ಲಿ, ವಿರೂಪಾಕ್ಷ ಬಜಾರಿನಲ್ಲಿ ಹೀಗೆ ಸೇರಿಸಿದ ಪೆನ್ನುಗಳು ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ಇದ್ದವು. ಎಣಿಸಿದೆವು, ನಲವತ್ಮೂರು. ಶಾಯಿ ಯಾವುದರಲ್ಲೂ ಇರಲಿಲ್ಲ. ಬರೆದು ಮುಗಿಸಿದ ಮೇಲೂ ಅವರಮ್ಮ ಒಂದನ್ನೂ ಎಸೆಯಲು ಬಿಟ್ಟಿರಲಿಲ್ಲವಂತೆ.

ಆ ಡಬ್ಬಿಯ ಮುಂದೆ ನಾವಿಬ್ಬರೂ ಮೂರು ತಾಸು ಕೂತಿದ್ದೆವು. ನನಗೆ ಹಂಪಿ ಎಂದರೆ ಶಾಲೆಯ ಪ್ರವಾಸ, ಕಲ್ಲಿನ ರಥ, ಬಿಸಿಲು. ಆ ದಿನ ಮಾತ್ರ ಲೋಕವೇ ಒಂದು ಡಬ್ಬಿಯಲ್ಲಿ ಕಂಡಿತು. ಹೋಟೆಲುಗಳ ಹೆಸರಿನ ಬಿಳಿ ಪೆನ್ನುಗಳು, ಬ್ಯಾಂಕುಗಳವು, ಓದಲು ಬಾರದ ಲಿಪಿಯವು, ಔಷಧಿ ಕಂಪನಿಯವು. ಒಂದರೊಳಗೆ ಎಣ್ಣೆಯಲ್ಲಿ ಸಣ್ಣ ಹಡಗು ಆ ಕಡೆ ಈ ಕಡೆ ತೇಲುತ್ತಿತ್ತು. ಒಂದು ಕರಿ ಪೆನ್ನಿನ ಮೇಲೆ ಜರ್ಮನಿ ಎಂದು ಕೆತ್ತಿತ್ತು. ಹಿಡಿದರೆ ಬಿಡಲು ಮನಸ್ಸಿಲ್ಲ, ಅಷ್ಟು ಚೆಂದ. ಆದರೆ ಅದೂ ಆ 98ರ ಅಳತೆಯದು. ದೂರದ ದೇಶಗಳ ಒಳ್ಳೆಯ ಪೆನ್ನುಗಳಲ್ಲಿ ಹೆಚ್ಚಿನವು ಅದೇ ಅಳತೆಯವು. ಪಾರ್ಕರ್ ಕಂಪನಿ 1954ರಲ್ಲಿ ಜಾಟರ್ ಎಂಬ ಬಾಲ್ ಪೆನ್ ತಂದಿತು. ಅದರ ರೀಫಿಲ್ಲನ್ನು ಉಳಿದವರು ಅನುಸರಿಸುತ್ತಾ ಹೋದದ್ದರಿಂದ ಬೇರೆ ಬೇರೆ ಕಂಪನಿಯ ಪೆನ್ನಿಗೂ ಅದೇ ಕೂಡುತ್ತದೆ. ಜೆಲ್ ಪೆನ್ ಬಂದಿದ್ದು ಎಷ್ಟೋ ಆಮೇಲೆ, 1984ರಲ್ಲಿ ಜಪಾನಿನ ಒಸಾಕಾದ ಸಾಕುರಾ ಕಂಪನಿಯಿಂದ. ಅವರು ಶಾಯಿ ಗಟ್ಟಿ ಮಾಡಲು ಮೊಟ್ಟೆಯ ಬಿಳಿ, ತುರಿದ ಗೆಣಸನ್ನೂ ಪ್ರಯೋಗಿಸಿ ನೋಡಿದ್ದರಂತೆ. ಜೆಲ್ ಶಾಯಿ ಸುಮ್ಮನಿದ್ದಾಗ ಗಟ್ಟಿ, ತುದಿಯ ಗುಂಡು ಉರುಳಿದಾಗ ಮಾತ್ರ ತೆಳ್ಳಗಾಗಿ ಇಳಿಯುತ್ತದೆ. ಬಾಲ್ ಪೆನ್ನಿಗಿಂತ ಬೇಗ ಖರ್ಚಾಗುತ್ತದೆ, ಅದಕ್ಕೇ ರೀಫಿಲ್ ದಪ್ಪ, ಉದ್ದ. ನನ್ನ ಸಂಕಟದ ಮೂಲ ಅಲ್ಲೇ ಇದೆ.

ನಲವತ್ಮೂರರಲ್ಲಿ ಒಂದೇ ಒಂದು ಪೆನ್ನಿಗೆ ನನ್ನ ರೀಫಿಲ್ ಸಲೀಸಾಗಿ ಕೂತಿತು. ತೆಗೆದು ನೋಡಿದರೆ ಅದೂ ಪೆಂಟೆಲ್ಲೇ! ನಾನು ಒಡೆದುಕೊಂಡದ್ದರದ್ದೇ ಅಣ್ಣ. ಕ್ಲಿಪ್ಪು ಮುರಿದು, ಮೇಲಿನ ಬರಹ ಅಳಿಸಿ, ಹಲ್ಲಿನ ಗುರುತು ಬಿದ್ದಿತ್ತು. ಗೆಳೆಯ ಅದನ್ನು ಕೊಟ್ಟುಬಿಟ್ಟ. ಜರ್ಮನಿಯದನ್ನು ಮಾತ್ರ ಕೊಡಲಿಲ್ಲ. ನಾನಾಗಿದ್ದರೂ ಕೊಡುತ್ತಿರಲಿಲ್ಲ. ಬರುವಾಗ ಹಂಪಿಯ ಅಂಗಡಿಯಲ್ಲಿ ಆನೆಯ ತಲೆ ಕೆತ್ತಿದ ಮರದ ಪೆನ್ನೊಂದನ್ನು ಅರವತ್ತು ರೂಪಾಯಿ ಕೊಟ್ಟು ತಂದೆ. ಅದರ ತೂತು ಕಡ್ಡಿಯಷ್ಟು ಸಣ್ಣ. ಯಾಕೆ ತಂದೆನೋ.

ಹಲ್ಲಿನ ಗುರುತಿನ ಪೆನ್ನಿನಲ್ಲಿ ಬರೆಯುತ್ತಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜರ್ಮನಿಯ ಪೆನ್ ಹಿಡಿದ ಕೈ ಕೇಳಬೇಕಲ್ಲ. ನಮ್ಮ ಮನೆಯ ಅಲ್ಮಾರಿಯಲ್ಲಿ, ಕಾಗದಪತ್ರಗಳ ಫೈಲಿನ ಜೊತೆ, ಅಬ್ಬಾನ ಒಂದು ಸ್ಟೀಲ್ ಪೆನ್ ಇದೆ ಎಂದು ನೆನಪಾಯಿತು. ಪಾರ್ಕರ್ ಮಾದರಿಯದು, ನಡುವೆ ಒಂದು ಸಣ್ಣ ಬಂಗಾರ ಬಣ್ಣದ ಉಂಗುರ. ಅಬ್ಬಾ ಅದನ್ನು ಬಳಸುವುದಿಲ್ಲ. ಅವರು ಈಗ ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾರೆ, ಐದು ರೂಪಾಯಿಯ ಪೆನ್ನಿನಲ್ಲಿ. ಕೇಳಿದರೆ ಬೇಡ ಎನ್ನುತ್ತಾರೋ ಏನೋ ಎಂದು ಕೇಳಲಿಲ್ಲ. ಮಿಡ್‌ಟರ್ಮ್ ಪರೀಕ್ಷೆಯ ಹಿಂದಿನ ರಾತ್ರಿ ತೆಗೆದುಕೊಂಡೆ.

ಒಳಗಿನ ರೀಫಿಲ್ ಒಣಗಿ ಹೋಗಿತ್ತು. ನನ್ನ ಯೋಜನೆ ಸರಳ: ನನ್ನ ಹೊಸ ರೀಫಿಲ್ಲಿನ ಹಿಂಬದಿಯಿಂದ 13 ಮಿಲಿಮೀಟರ್ ಕತ್ತರಿಸುವುದು. ಹಳೆಯ ರೀಫಿಲ್ಲಿನ ಹಿಂದೆ ಹಲ್ಲು ಹಲ್ಲಾಗಿರುವ ಕಿರೀಟದಂಥ ತುಂಡು ಇರುತ್ತದೆ, ಗುಂಡಿ ಒತ್ತಿದಾಗ ಅದನ್ನೇ ಪೆನ್ ಹಿಡಿದು ತಿರುಗಿಸುವುದು. ಅದನ್ನು ಕತ್ತರಿಸಿ ತೆಗೆದು ನನ್ನದಕ್ಕೆ ಅಂಟಿಸುವುದು. ಅಮ್ಮಿ ನೋಡಿ, "ಕ್ಯಾ ರೇ, ಕಲಂ ಕಾ ಆಪರೇಷನ್ ಕರ್ರಾ?" ಎಂದು ನಕ್ಕು ಮಲಗಲು ಹೋದರು. ಅದು ಯಾರ ಕಲಂ ಎಂದು ಅವರು ನೋಡಲಿಲ್ಲ.

ಕತ್ತರಿಸಿದ ಕೂಡಲೇ ಹಿಂದಿನಿಂದ ಪಾರದರ್ಶಕವಾದ ಜಿಡ್ಡು ಹೊರಗೆ ಬಂತು. ಜೆಲ್ ರೀಫಿಲ್ಲಿನಲ್ಲಿ ಶಾಯಿಯ ಹಿಂದೆ ಮುಚ್ಚಳದ ಹಾಗೆ ಕೂತಿರುವುದು ಅದೇ. ಶಾಯಿ ಇಳಿದ ಹಾಗೆ ಅದೂ ಹಿಂದೆಯೇ ಇಳಿಯುತ್ತದೆ. ನಾನು ಹೆದರಿ, ಸೋರಬಾರದು ಎಂದು ಕಿರೀಟವನ್ನು ಫೆವಿಕ್ವಿಕ್ ಹಾಕಿ ಗಾಳಿಯೂ ಆಡದಂತೆ ಮುಚ್ಚಿದೆ. ಸ್ಪ್ರಿಂಗು ಬಿಗಿಯಾಯಿತು, ಅದನ್ನು ತೆಗೆದಿಟ್ಟೆ. ಅರ್ಧ ಪುಟ ಬರೆದು ನೋಡಿದೆ. ಬೆಣ್ಣೆ. ಅಬ್ಬಾನ ಸ್ಟೀಲು, ಮಾಮುವಿನ ಶಾಯಿ. ಖುಷಿಯಿಂದ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಕೌಂಟೆನ್ಸಿ. ಪಕ್ಕದವನು ನಿಜವಾಗಿಯೂ ತಿರುಗಿ ನೋಡಿದ. ಒಂದೂವರೆ ಪುಟ ಹೋಯಿತು. ಪಾಲುದಾರಿಕೆ ಸಂಸ್ಥೆಗೆ ಹೊಸ ಪಾಲುದಾರ ಸೇರುವ ಲೆಕ್ಕ. ಪುನರ್‌ಮೌಲ್ಯಮಾಪನ ಖಾತೆ ಮುಗಿಸಿ, ಬಂಡವಾಳ ಖಾತೆಯ ಗೆರೆ ಎಳೆದು, ಮೊದಲ ಅಂಕಿ ಬರೆಯುವಷ್ಟರಲ್ಲಿ ಶಾಯಿ ತೆಳುವಾಯಿತು, ಆಮೇಲೆ ಬಿಳಿ ಗೆರೆ. ಕೊಡವಿದೆ. ತುದಿಯ ಮೇಲೆ ಊದಿದೆ. ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಸುತ್ತಿ ಸುತ್ತಿ ಕಾಗದ ಹರಿಯಿತು. ಒಂದು ಗೆರೆ ಬರುತ್ತದೆ, ನಿಲ್ಲುತ್ತದೆ. ಉಳಿದ ಪೆನ್ನೆಲ್ಲಾ ಹೊರಗೆ ಬ್ಯಾಗಿನಲ್ಲಿ. ಅಷ್ಟು ಧಿಮಾಕಿನಿಂದ ಒಂದೇ ಪೆನ್ ಒಳಗೆ ತಂದಿದ್ದೆ. ಕೇಳಲು ನಾಚಿಕೆಯಾಗಿ ಹತ್ತು ಹದಿನೈದು ನಿಮಿಷ ಹಾಗೇ ಕಳೆದೆ. ಕೊನೆಗೆ ಮೇಲ್ವಿಚಾರಕರೇ ಬಂದು ತಮ್ಮ ಬಾಲ್ ಪೆನ್ ಮುಂದಿಟ್ಟು ಹೋದರು. ಕೈ ನಡುಗಿ ಮೊತ್ತ ಕೂಡಲಿಲ್ಲ. ಆಸ್ತಿ ಜವಾಬ್ದಾರಿ ಪಟ್ಟಿ ಬರೆಯಲು ಸಮಯವೇ ಉಳಿಯಲಿಲ್ಲ. ಎಂಬತ್ತಕ್ಕೆ ಐವತ್ತೊಂದು ಬಂತು. ಎಪ್ಪತ್ತರ ಮೇಲೆ ನಿರೀಕ್ಷೆ ಇತ್ತು.

ಯಾಕೆ ಹೀಗಾಯಿತು ಎಂದು ಫಿಸಿಕ್ಸ್ ಸರ್ ಹತ್ತಿರವೇ ಹೋದೆ. ಅವರು ಪೆನ್ ಬಿಚ್ಚಿ ನೋಡಿ, ಕ್ಯಾಂಟೀನಿನಿಂದ ಒಂದು ಸ್ಟ್ರಾ, ಒಂದು ಲೋಟ ನೀರು ತರಿಸಿದರು. ಸ್ಟ್ರಾವನ್ನು ನೀರಿನಲ್ಲಿ ಮುಳುಗಿಸಿ ಮೇಲಿನ ಬಾಯಿಗೆ ಬೆರಳು ಮುಚ್ಚಿ ಎತ್ತಿದರು. ನೀರು ಬೀಳಲಿಲ್ಲ. ಬೆರಳು ತೆಗೆದರು, ಬಿತ್ತು. "ಎಷ್ಟು ಶಾಯಿ ಮುಂದೆ ಹೋಗುತ್ತೋ ಅಷ್ಟು ಗಾಳಿ ಹಿಂದಿನಿಂದ ಒಳಗೆ ಬರಬೇಕು. ನೀನು ಬಾಗಿಲು ಹಾಕಿಬಿಟ್ಟಿದ್ದೀಯ" ಎಂದರು. ಆಮೇಲೆ ಗುಂಡುಸೂಜಿ ಕಾಯಿಸಿ ಕಿರೀಟದ ನಡುವೆ ಒಂದು ತೂತು ಮಾಡಿದರು. ಕಾಗದದ ಮೇಲೆ ಎರಡು ಸುತ್ತು ಸುತ್ತಿದೆ, ಮೂರನೇ ಸುತ್ತಿಗೆ ನೀಲಿ ಬಂತು. ಸೂಜಿ ಮೊನೆಯಷ್ಟು ಗಾಳಿ. ನನಗೆ ಅಳು ಬರುವ ಹಾಗಾಯಿತು, ಆದರೆ ಲ್ಯಾಬಿನಲ್ಲಿ ಸೈನ್ಸಿನ ಹುಡುಗರಿದ್ದರು.

ಅಂಕಪಟ್ಟಿಗೆ ಸಹಿ ಬೇಕಲ್ಲ. ಅಬ್ಬಾಗೆ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಪೆನ್ ಕೈಗೆ ತೆಗೆದುಕೊಂಡು, ಬಿಚ್ಚಿ, "ಇದರಾಗಿನ ಹಳೇ ರೀಫಿಲ್?" ಎಂದು ಕೇಳಿದರು.

"ಕಿರೀಟ ಇದೇ. ಉಳಿದದ್ದು ಎಸೆದೆ. ಒಣಗಿತ್ತು ಅಬ್ಬಾ."

"ಮಾಲೂಮ್" ಎಂದರು. ಗೊತ್ತು, ಎಂದಷ್ಟೇ.

ಆ ರಾತ್ರಿ ಅಮ್ಮಿ ಹೇಳಿದ ಮೇಲೆ ನನಗೆ ತಿಳಿದಿದ್ದು. ಅಬ್ಬಾ ಸಂಡೂರಿನ ಒಂದು ಗಣಿಯಲ್ಲಿ ತೂಕದ ಸೇತುವೆಯ ಹತ್ತಿರ ರಿಜಿಸ್ಟರ್ ಬರೆಯುತ್ತಿದ್ದರು. ಲಾರಿ ನಂಬರು, ಖಾಲಿ ತೂಕ, ತುಂಬಿದ ತೂಕ. ಅದಿರಿನ ಕಾಲ ಅದು. ಹೊಸಪೇಟೆಯ ರಸ್ತೆ ತುಂಬಾ ಲಾರಿ, ಗಿಡದ ಎಲೆಯೆಲ್ಲಾ ಕೆಂಪು. ಒಂದು ದೀಪಾವಳಿಗೆ ಆಫೀಸಿನವರು ಎಲ್ಲ ಗುಮಾಸ್ತರಿಗೂ ಒಂದೊಂದು ಸ್ಟೀಲ್ ಪೆನ್ ಕೊಟ್ಟಿದ್ದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಾನಾಗ ಮೂರು ವರ್ಷದವನು. ಅಕ್ರಮ ಬಹಳ ನಡೆದಿತ್ತು, ನಿಲ್ಲಿಸಬೇಕಿತ್ತು ಎಂದು ಅಬ್ಬಾನೇ ಹೇಳುತ್ತಾರೆ. ಆದರೆ ಕೆಲಸ ಹೋಗಿದ್ದು ರಿಜಿಸ್ಟರ್ ಬರೆಯುವವರದ್ದೂ ಹೌದು. ಕೊನೆಯ ಲಾರಿಯ ನಂಬರು ಬರೆದು ಪೆನ್ ಜೇಬಿಗಿಟ್ಟು ಮನೆಗೆ ಬಂದರಂತೆ. ಮುಂದೆ ಕೆಲವು ಗಣಿಗಳು ಮತ್ತೆ ಶುರುವಾದವು, ಅಬ್ಬಾರದ್ದು ಆಗಲಿಲ್ಲ. ಪೆನ್ನನ್ನು ಅವರು ಬಿಚ್ಚಿಯೇ ಇರಲಿಲ್ಲ.

ನಾನು ಕಸದ ಬುಟ್ಟಿ ನೋಡಿದೆ. ಮೂರು ವಾರವಾಗಿತ್ತು, ಎಲ್ಲಿಂದ ಸಿಗಬೇಕು.

ಮುಂದಿನ ಭಾನುವಾರ ಅಬ್ಬಾ, "ಚಲ್, ಸಂಡೂರಿಗೆ ಹೋಗಿ ಬರೋಣ" ಎಂದರು. ಅವರ ಹಳೆಯ ಜೊತೆಗಾರರೊಬ್ಬರು ಅಲ್ಲಿ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿ ಇಟ್ಟಿದ್ದಾರೆ. ಮಳೆಗಾಲ ಮುಗಿದ ಸಂಡೂರಿನ ಗುಡ್ಡಗಳು ಹಸಿರಾಗಿದ್ದವು. ಅಬ್ಬಾ ಕಿಟಕಿಯ ಪಕ್ಕ ಕೂತು ಒಂದೊಂದು ತಿರುವಿಗೂ ಒಂದೊಂದು ಲಾರಿಯ ಕತೆ ಹೇಳಿದರು. ಮನೆಯಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ. ಆ ಚಾಚಾ ನಮಗೆ ಚಹಾ ಕೊಟ್ಟು, ಉದ್ರಿ ಪುಸ್ತಕ ತೆಗೆದು ಯಾರದೋ ಲೆಕ್ಕ ಬರೆದರು. ನೋಡಿದರೆ ಅದೇ ಸ್ಟೀಲ್ ಪೆನ್! ಅದೇ ಉಂಗುರ. ಉಂಗುರದ ಬಂಗಾರ ಬಣ್ಣ ಮಾತ್ರ ಹೋಗಿತ್ತು. "ಇದಕ್ಕೇನಾಗೈತೆ? ಪಾರ್ಕರ್ ಸೈಜಿನ ಜೆಲ್ ರೀಫಿಲ್ಲು ಬರ್ತೈತೆ, ತಂದು ಹಾಕ್ತೀನಿ, ಬರೀತೀನಿ" ಎಂದರು. ಅದೇ ಶಾಯಿ ಬೇಕೆಂದು ನಾನು ಹಟ ಹಿಡಿದದ್ದರಿಂದ, 98ರ ಅಳತೆಯಲ್ಲೇ ಜೆಲ್ ರೀಫಿಲ್ ಸಿಗುತ್ತದೆ ಎಂಬ ಕಡೆ ತಲೆಯೇ ಹಾಕಿರಲಿಲ್ಲ. ಅಬ್ಬಾ ಆ ಪೆನ್ ಇಸಿದುಕೊಂಡು ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಲಾರಿ ನಂಬರು ಬರೆದರು. ಯಾವುದೆಂದು ನಾನು ಕೇಳಲಿಲ್ಲ.

ಹೊಸಪೇಟೆಗೆ ಬಂದು ಅವರೇ ಅಂಥ ಒಂದು ರೀಫಿಲ್ ತಂದರು. ನಾನು ಸ್ಪ್ರಿಂಗನ್ನು ವಾಪಸ್ ಹಾಕಿಕೊಟ್ಟೆ. ಅಂಕಪಟ್ಟಿಗೆ, ಆ ಐವತ್ತೊಂದರ ಕೆಳಗೆ, ಅದರಲ್ಲೇ ಸಹಿ ಮಾಡಿದರು. ನಾನು ಪಕ್ಕದಲ್ಲಿ ಪರೀಕ್ಷೆಗೆಂದು ನಾಲ್ಕು ಸಾಲು ಬರೆದು ನೋಡಿದೆ. ಚೆನ್ನಾಗಿದೆ, ಆದರೆ ನನ್ನ ಶಾಯಿ ಅಲ್ಲ, ಉರ್ದು ಬರೆದರೆ ಕೈಗೆ ಹತ್ತುತ್ತದೆ. ಈಗ ಆ ಪೆನ್ ಅಬ್ಬಾನ ಜೇಬಿನಲ್ಲಿರುತ್ತದೆ. ಲಾರಿ ಆಫೀಸಿಗೆ ಮಾತ್ರ ಐದು ರೂಪಾಯಿಯದೇ, ಕದಿಯುತ್ತಾರೆ ಎಂದು.

ನನ್ನದು ಹಾಗೇ ಉಳಿಯಿತು. ಹಲ್ಲಿನ ಗುರುತಿನ ಪೆನ್ನಿನಲ್ಲೇ ಬರೆಯುತ್ತಿದ್ದೆ. ದಸರಾ ರಜೆಯಲ್ಲಿ ಕಂಪ್ಲಿಗೆ, ನಾನಿಯ ಮನೆಗೆ ಹೋದೆ. ಅವರ ಓಣಿಯಲ್ಲಿ ಮರ ತಿರುವುವ ಒಬ್ಬ ಅಜ್ಜ ಇದ್ದಾರೆ. ತೊಟ್ಟಿಲ ಕಂಬ, ಮಂಚದ ಕಾಲು, ಲಟ್ಟಣಿಗೆ, ಬುಗುರಿ ಮಾಡುತ್ತಾರೆ. ರಾಜಮಹೇಂದ್ರಿಯಲ್ಲಿ ರತ್ನಂ ಪೆನ್ನುಗಳನ್ನು 1932ರಿಂದ ಹೀಗೆಯೇ ಕೈಯಿಂದ ಕಡೆದು ಮಾಡುತ್ತಾರೆ ಎಂದು ಓದಿದ್ದೆ. ಅಲ್ಲಿ ಎಬೊನೈಟ್ ಎಂಬ ಗಟ್ಟಿ ರಬ್ಬರು, ಇಲ್ಲಿ ಮರ. ಕಡೆಯುವ ಯಂತ್ರ ಒಂದೇ. ರೀಫಿಲ್ ತೋರಿಸಿ, ಪೆನ್ ಮಾಡಲು ಬರುತ್ತದೆಯೇ ಎಂದೆ. ಅಜ್ಜ ರೀಫಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹೊಟ್ಟಿ. ಇದಕ್ಕ ಅಂಗಿ ಬೇಕೇನು?" ಎಂದರು.

ಮೊದಲ ಬಾರಿ ಯಾರೋ ನನ್ನ ರೀಫಿಲ್ಲನ್ನು ಕತ್ತರಿಸುವ, ಅದು ಸರಿ ಇಲ್ಲ ಎನ್ನುವ ಮಾತಾಡಲಿಲ್ಲ.

ಆದರೂ ಸುಲಭವಾಗಲಿಲ್ಲ. ಕುರ್ಚಿ ಕಾಲಿನ ಉಳಿಕೆಯ ಸಾಗುವಾನಿ ತುಂಡು. ಆರು ಮಿಲಿಮೀಟರಿಗಿಂತ ತುಸು ಹೆಚ್ಚಿನ ತೂತು, ಅಷ್ಟುದ್ದ ನೇರವಾಗಿ ಹೋಗಬೇಕು. ಮೊದಲನೆಯದು ಪಕ್ಕಕ್ಕೆ ಒಡೆದುಕೊಂಡು ಹೊರಬಂತು. ಎರಡನೆಯದು ತುದಿಯಲ್ಲಿ ಸೀಳಿತು, ಮರದ ಮೂಗು ಅಷ್ಟು ಸಣ್ಣದಾದರೆ ನಿಲ್ಲುವುದಿಲ್ಲ. ಆಗ ನನ್ನ ಸೀಳಿದ ಪೆಂಟೆಲ್ಲಿನ ಮೂಗನ್ನೇ ತಂದು ಕೊಟ್ಟೆ. ಮೂರನೆಯದಕ್ಕೆ ಅದನ್ನು ಕೂರಿಸಿದರು. ರೀಫಿಲ್ ಹಿಂದಿನಿಂದ ಹಾಕುವುದು, ಹಿಂದೆ ಒಂದು ಮರದ ಬಿರಡೆ. ಬಿರಡೆಯಲ್ಲಿ ತೂತು ಬೇಕೇ ಬೇಕು ಎಂದು ನಾನು ಮೂರು ಸಲ ಹೇಳಿದೆ. "ಗೊತ್ತೈತೆ, ಪೀಪಿ ಮಾಡೋನಿಗೆ ಗಾಳಿ ಪಾಠ ಹೇಳ್ತಿ" ಎಂದರು. ಕೊನೆಗೆ ತಿರುಗುತ್ತಿದ್ದ ಮರಕ್ಕೆ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿತು, ಒಣ ಗರಿ ಹಿಡಿದ ಕೂಡಲೇ ಹೊಳಪು ಬಂತು. ದಾಳಿಂಬೆ ಕೆಂಪು, ಕತ್ತಿನ ಹತ್ತಿರ ಒಂದು ಕರಿ ಗೆರೆ. ತೊಟ್ಟಿಲಿಗೆ ಹಾಕುವ ಬಣ್ಣವೇ. ಎಂಬತ್ತು ರೂಪಾಯಿ ತೆಗೆದುಕೊಂಡರು. ಒಡೆದ ಎರಡಕ್ಕೆ ಏನೂ ಬೇಡ ಎಂದರು.

ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕ ಕೊಡಲೇಬೇಕು. ಆನ್‌ಲೈನ್ ಪೆನ್ 249, ಹಂಪಿಯ ಆನೆ 60, ಫೆವಿಕ್ವಿಕ್ 5, ಕಂಪ್ಲಿಯ ಅಜ್ಜ 80, ಬಸ್ಸು 212. ಒಟ್ಟು 606. (ಹುಡುಗಿಯಾಗಿದ್ದರೆ ಬಸ್ಸಿನ ಬಾಬು ಉಳಿಯುತ್ತಿತ್ತು.) ಅಣ್ಣನಿಂದ ಬರಬೇಕಾದ 50 ಸಂಶಯಾಸ್ಪದ ಸಾಲ. ಇಪ್ಪತ್ತಕ್ಕೂ ಹೆಚ್ಚು ಅಂಕಗಳನ್ನು ಯಾವ ಖಾತೆಗೆ ಬರೆಯಬೇಕು ಎಂದು ನಮ್ಮ ಅಕೌಂಟೆನ್ಸಿ ಮೇಡಂ ಇನ್ನೂ ಹೇಳಿಲ್ಲ. ಈ ಪುಟವನ್ನು ಯಾರೂ ಅಮ್ಮಿಗೆ ಓದಿ ಹೇಳಬೇಡಿ.

ಕೆಂಪು ಪೆನ್ ಚೆನ್ನಾಗಿ ಬರೆಯುತ್ತದೆ. ತಂಪು ಹೆಚ್ಚಾದ ದಿನ ಮರ ಉಬ್ಬಿ ಬಿರಡೆ ಬಿಗಿಯುತ್ತದೆ, ಬಿಸಿಲಿಗೆ ಇಟ್ಟರೆ ಸಡಿಲವಾಗುತ್ತದೆ. ವಾರ್ಷಿಕ ಪರೀಕ್ಷೆಗೆ ಜೊತೆಯಲ್ಲಿ ಇನ್ನೆರಡು ಪೆನ್ ಒಯ್ಯುತ್ತೇನೆ. ಗೆಳೆಯ ಮೊನ್ನೆ ಒಂದು ರೀಫಿಲ್ ಕೇಳಿ ತೆಗೆದುಕೊಂಡ, ಅವರ ಅಣ್ಣನಿಗಂತೆ. ಜರ್ಮನಿಯ ಪೆನ್ನಿಗೆ ಕತ್ತರಿಸಿ ಹಾಕುತ್ತಾನೋ ಏನೋ ಎಂದು ಅನುಮಾನ ಬಂತು. ಹಾಕಿದರೆ ಹಿಂದೆ ತೂತು ಬಿಡಲು ಹೇಳು ಎಂದಿದ್ದೇನೆ. ಈಗ ಏಳು ಉಳಿದಿವೆ.